ಕೂದಲು ಉದುರುವ ದಿನಗಳಲ್ಲಿ ಮುಟ್ಟಿಸಿಕೊಳ್ಳದ ಮೊಲ

ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ಹತ್ತಿರ ಬರುವ ಹೊತ್ತಿಗೆ ಬಿಸಿಲು ಏರತೊಡಗುತ್ತದೆ. ಮನೆಯ ಮೊಲವೂ ಅದೇ ದಿನಗಳಲ್ಲಿ ಚಳಿಗಾಲದ ದಟ್ಟ ಕೂದಲನ್ನು ಕಳಚಲು ಆರಂಭಿಸುತ್ತದೆ. ಮೊಲದ ಕೂದಲು ಸುಮಾರು ಮೂರು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಉದುರುವುದುಂಟಾದರೂ, ವರ್ಷದಲ್ಲಿ ಎರಡು ಬಾರಿ ಅದು ಕುಚ್ಚು ಕುಚ್ಚಾಗಿ ಕಿತ್ತು ಬರುತ್ತದೆ. ಮೊಮ್ಮಗಳ ಹಟಕ್ಕೆ ಮಣಿದು ಆರು ವರ್ಷಗಳ ಹಿಂದೆ ನಾವು ತಂದ ಬೂದು ಬಣ್ಣದ ಮೊಲಕ್ಕೆ ಯಾರಾದರೂ ಎತ್ತಿಕೊಂಡರೆ ಸ್ವಲ್ಪವೂ ಆಗದು. ಇಂಥ ಮೊಲವನ್ನು ಬಾಚುವುದು ಹೇಗೆಂದು ನೆರೆಹೊರೆಯವರು ಕೇಳುತ್ತಲೇ ಇರುವುದರಿಂದ, ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆ ಗಲೀಜಾಗುತ್ತದೆಂಬ ಕಾರಣಕ್ಕಷ್ಟೇ ಬಾಚಬೇಕೆಂದು ಹಲವರು ಭಾವಿಸುತ್ತಾರೆ, ಆದರೆ ನಿಜವಾದ ಕಾರಣ ಮೊಲದ ಹೊಟ್ಟೆಯಲ್ಲಿದೆ. ಬೆಕ್ಕು ನೆಕ್ಕಿ ನುಂಗಿದ ಕೂದಲನ್ನು ವಾಂತಿ ಮಾಡಿ ಹೊರಹಾಕುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ನುಂಗಿದ್ದೆಲ್ಲವೂ ಕರುಳಿನ ಮೂಲಕವೇ ಹೊರಗೆ ಹೋಗಬೇಕು. ಹುಲ್ಲು ಮತ್ತು ನೀರು ಸಾಕಷ್ಟು ಸಿಕ್ಕರೆ ಕೂದಲು ತಾನಾಗಿ ಸಾಗುತ್ತದೆ, ಅವು ಕಡಿಮೆಯಾದರೆ ಕೂದಲೂ ಆಹಾರವೂ ಒಣಗಿ ಗಟ್ಟಿಯಾಗುತ್ತವೆ, ಕರುಳಿನ ಚಲನೆ ನಿಧಾನವಾಗುತ್ತದೆ. ಹಿಕ್ಕೆಗಳು ಕೂದಲಿನ ಎಳೆಯಲ್ಲಿ ಪೋಣಿಸಿದ ಮಣಿಗಳಂತೆ ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದರೆ, ಅದು ಕೂದಲನ್ನು ಹೆಚ್ಚಾಗಿ ನುಂಗುತ್ತಿದೆ ಎಂದು ತಿಳಿದು ಅಂದಿನಿಂದಲೇ ಬಾಚುವುದನ್ನು ಹೆಚ್ಚಿಸಬೇಕು.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಮೊಲವನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ಒತ್ತಿ ಹಿಡಿದು ಬಾಚಲು ಹೋದೆ. ಅದು ಹಿಂಗಾಲಿನಿಂದ ಜಾಡಿಸಿ ಒದ್ದು ನೆಲಕ್ಕೆ ಹಾಸಿದ ಶಹಾಬಾದ ಫರ್ಸಿಕಲ್ಲಿನ ಮೇಲೆ ಬಿದ್ದು ಎರಡು ದಿನ ಕುಂಟಿತು. ಮೊಲದ ಹಿಂಗಾಲಿನ ಸ್ನಾಯುಗಳು ಬಹಳ ಬಲವಾಗಿದ್ದು ಬೆನ್ನೆಲುಬು ಮಾತ್ರ ಹಗುರವಾಗಿರುವುದರಿಂದ, ಹಿಡಿದವರ ಕೈಯಲ್ಲಿ ಅದು ಜೋರಾಗಿ ಒದ್ದುಕೊಂಡರೆ ತನ್ನ ಬೆನ್ನನ್ನು ತಾನೇ ಮುರಿದುಕೊಳ್ಳಬಹುದೆಂದು ಆಗ ಪಶುವೈದ್ಯರು ವಿವರಿಸಿದರು. ನಮ್ಮದು ಅಷ್ಟರಲ್ಲೇ ಪಾರಾಯಿತು. ಅಂದಿನಿಂದ ಬಾಚುವುದಕ್ಕಾಗಿ ನಾನು ಅದನ್ನು ಎತ್ತಿಲ್ಲ, ಅದಿರುವ ನೆಲಕ್ಕೆ ನಾನೇ ಇಳಿಯುತ್ತೇನೆ. ಕಿವಿ ಹಿಡಿದು ಎತ್ತುವುದಂತೂ ಎಂದಿಗೂ ಕೂಡದು. ಅಂಗಾತ ಮಲಗಿಸಿದರೆ ಸುಮ್ಮನಾಗುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ; ಆ ಸುಮ್ಮನಿರುವಿಕೆ ನೆಮ್ಮದಿಯಲ್ಲ, ಬೇಟೆಗೆ ಸಿಕ್ಕ ಪ್ರಾಣಿಯ ಭಯ.

ಮಧ್ಯಾಹ್ನ ಅದು ಕಾಲು ಚಾಚಿ ಮಲಗುವ ಹೊತ್ತು, ಇಲ್ಲವೇ ಸಂಜೆ ಸೊಪ್ಪು ತಿನ್ನುವ ಹೊತ್ತು ಇದಕ್ಕೆ ಅನುಕೂಲ. ನುಣುಪಾದ ಫರ್ಸಿಯ ಮೇಲೆ ಕಾಲು ಜಾರಿದರೆ ಮೊಲ ಗಾಬರಿಯಾಗುವುದರಿಂದ ಹಳೆಯ ಜಮಖಾನವನ್ನು ಹಾಸಿ, ನಾಲ್ಕು ಎಸಳು ಕೊತ್ತಂಬರಿ ಇಟ್ಟು, ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ಮೂಗಿನ ನೇರ ಮುಂದಿರುವುದು ಮೊಲಕ್ಕೆ ಕಾಣುವುದಿಲ್ಲವಾದ್ದರಿಂದ ಕೈಯನ್ನು ಎದುರಿನಿಂದ ಚಾಚದೆ ಪಕ್ಕದಿಂದ ತನ್ನಿ. ಮೊಲಗಳು ಒಂದನ್ನೊಂದು ನೆಕ್ಕುವಾಗ ಹಣೆಯಿಂದಲೇ ಆರಂಭಿಸುವುದನ್ನು ನೀವು ನೋಡಿರಬಹುದು. ನೀವೂ ಹಾಗೆಯೇ ಹಣೆಯನ್ನು, ಕಿವಿಯ ಬುಡವನ್ನು ಬೆರಳಿನಿಂದ ಸವರುತ್ತಾ ಹೋದರೆ ಅದು ಗದ್ದವನ್ನು ನೆಲಕ್ಕೆ ಊರಿ ಹಲ್ಲನ್ನು ಮೆಲ್ಲಗೆ ಮಸೆಯತೊಡಗುತ್ತದೆ. ನೆಮ್ಮದಿಯ ಆ ಸಣ್ಣ ಸದ್ದು ಕೇಳಿಸಿದ ಮೇಲೆ ಮಾತ್ರ ಕೈಯನ್ನು ಬೆನ್ನಿಗೆ ತರಬೇಕು.

ಮೊದಲ ಒಂದು ವಾರ ಬ್ರಷ್ ಬೇಡವೇ ಬೇಡ. ಅಂಗೈಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಜಾಡಿಸಿ, ತೇವ ಮಾತ್ರ ಉಳಿದಿರುವಾಗ ಕತ್ತಿನಿಂದ ಬಾಲದ ಕಡೆಗೆ ಸವರಿದರೆ ಸಡಿಲ ಕೂದಲೆಲ್ಲ ಕೈಗೆ ಅಂಟಿ ಉಂಡೆಯಾಗಿ ಬರುತ್ತದೆ, ಮೊಲಕ್ಕೆ ಅದು ಬರಿಯ ಮುದ್ದೆಂದೇ ಅನಿಸುತ್ತದೆ. ಅನಂತರ ಮೆತ್ತನೆಯ ರಬ್ಬರ್ ಹಲ್ಲಿನ ಬ್ರಷ್ಷನ್ನು ಅದರ ಮುಂದಿಟ್ಟು ಮೂಸಲು ಬಿಡಿ, ಮರುದಿನ ಎರಡು ಸಲ ಎಳೆಯಿರಿ, ಅದರ ಮರುದಿನ ಐದು ಸಲ. ಹಿಂಭಾಗದಲ್ಲಿ ಚರ್ಮ ಬಿಟ್ಟು ಎದ್ದು ನಿಂತ ಕುಚ್ಚುಗಳನ್ನು ಎರಡು ಬೆರಳಿನಿಂದ ಹಗುರವಾಗಿ ಹಿಡಿದರೆ ತಾವಾಗಿಯೇ ಬರುತ್ತವೆ; ಬಾರದಿದ್ದರೆ ಅವು ಇನ್ನೂ ಮಾಗಿಲ್ಲವೆಂದು ಬಿಟ್ಟುಬಿಡಿ. ಮೊಲದ ಚರ್ಮ ತೆಳುವಾಗಿದ್ದು ಬೇಗ ಹರಿಯುವುದರಿಂದ ಚೂಪು ಹಲ್ಲಿನ ಕಬ್ಬಿಣದ ಹಣಿಗೆಯನ್ನಾಗಲಿ, ಗಂಟು ಕತ್ತರಿಸಲು ಕತ್ತರಿಯನ್ನಾಗಲಿ ಬಳಸಬಾರದು. ಅದು ನೆಲಕ್ಕೆ ಕಾಲು ಬಡಿದರೆ, ಮೈ ಬಿಗಿ ಹಿಡಿದರೆ, ಕಣ್ಣು ಅಗಲಿಸಿದರೆ ಅಂದಿನ ಕೆಲಸ ಮುಗಿಯಿತು. ನನ್ನ ಮೊಮ್ಮಗಳು ಇದನ್ನು ನನಗಿಂತ ಬೇಗ ಗುರುತಿಸುತ್ತಾಳೆ. "ಆಯಿ, ಅದಕ್ಕ ಸಾಕಾಗ್ಯಾದ, ಬಿಡು" ಎಂದು ಅವಳು ಹೇಳಿದ ಕೂಡಲೇ ನಾನು ಕೈ ತೆಗೆಯುತ್ತೇನೆ. ದಿನಕ್ಕೆ ಐದು ನಿಮಿಷದಂತೆ ಎರಡು ಬಾರಿ ಮಾಡಿದರೆ, ವಾರಕ್ಕೊಮ್ಮೆ ಒಂದು ಗಂಟೆ ಹಿಡಿದು ಬಾಚುವುದಕ್ಕಿಂತ ಹೆಚ್ಚು ಕೂದಲು ಬರುತ್ತದೆ.

ಬೇಸಿಗೆಯೆಂದು ಮೊಲಕ್ಕೆ ಸ್ನಾನ ಮಾಡಿಸಬೇಡಿ. ನೆನೆದ ಕೂದಲು ಬೇಗ ಆರುವುದಿಲ್ಲ, ಭಯಕ್ಕೂ ಮೈ ತಣ್ಣಗಾಗುವುದಕ್ಕೂ ಪ್ರಾಣವೇ ಹೋಗಬಹುದು. ಹೊಟ್ಟಿನಂಥ ಪುಡಿ ಉದುರುತ್ತಿದ್ದು ತುರಿಕೆಯೂ ಇದ್ದರೆ ಅದು ಚರ್ಮದ ನುಸಿಹುಳುವಾಗಿರಬಹುದು. ಆದರೆ ನಾಯಿಯ ಮೈಯ ಉಣ್ಣಿಹುಳು ಸಾಯಲೆಂದು ಹಾಕುವ ಔಷಧವನ್ನು ಹಾಕಿಬಿಡುವುದು ಬಹಳ ಅಪಾಯಕರ, ಅಂಥ ಕೆಲವುಗಳಲ್ಲಿರುವ ಫಿಪ್ರೊನಿಲ್ ಎಂಬ ಔಷಧ ಮೊಲಕ್ಕೆ ವಿಷ.

ಕೈಯಿಂದ ಎಷ್ಟು ಬಾಚಿದರೂ ಸ್ವಲ್ಪ ಕೂದಲು ಹೊಟ್ಟೆಗೆ ಹೋಗಿಯೇ ಹೋಗುತ್ತದೆ, ಅದನ್ನು ತಳ್ಳುವುದು ಒಣಹುಲ್ಲು. ಊಟದ ಬಹುಪಾಲು ಒಣಗಿಸಿದ ಕರಿಕೆ ಮತ್ತು ಹುಲ್ಲೇ ಆಗಿರಲಿ; ಮಕ್ಕಳು ಪ್ರೀತಿಯಿಂದ ಹಾಕುವ ಜೋಳದ ರೊಟ್ಟಿ, ಬಿಸ್ಕತ್ತು ಈ ದಿನಗಳಲ್ಲಂತೂ ಪೂರ್ತಿ ನಿಲ್ಲಲಿ. ಹೊಲದಿಂದ ಮೇವು ತರುವವರು ಎಳೆಯ ಹಸಿ ಜೋಳದ ಪೈರನ್ನು ತರಬಾರದು, ಅದು ದನಗಳಿಗೂ ವಿಷವಾಗುವುದನ್ನು ನಮ್ಮ ಭಾಗದ ರೈತರೆಲ್ಲ ಬಲ್ಲರು. ಪಪ್ಪಾಯಿ ತಿನ್ನಿಸಿದರೆ ಹೊಟ್ಟೆಯ ಕೂದಲು ಕರಗುತ್ತದೆಂಬ ಮಾತನ್ನು ನಂಬಬೇಡಿ, ಅದರಿಂದ ಕೂದಲು ಕರಗುವುದಿಲ್ಲ. ನೀರನ್ನು ಬಾಟಲಿಗಿಂತ ಅಗಲವಾದ ಮಣ್ಣಿನ ಬಟ್ಟಲಿನಲ್ಲಿ ಇಟ್ಟರೆ ಹೆಚ್ಚು ಕುಡಿಯುತ್ತದೆ. ಇಲ್ಲಿ 40 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲಿ, ಕೂದಲು ಪೂರ್ತಿ ಕಳಚದ ಮೊಲಕ್ಕೆ ಬಿಸಿಲಿನ ಬೇಗೆ ತಟ್ಟುವುದು ಸುಲಭ. ನೆರಳಿನಲ್ಲಿ ಒದ್ದೆ ಮಾಡಿ ಒರೆಸಿದ ಫರ್ಸಿಯ ತುಂಡೊಂದನ್ನು ಇಟ್ಟುಕೊಟ್ಟರೆ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಡ ಮಾಡಬಾರದು. ಮೊಲ 12 ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಮೂಲೆಯಲ್ಲಿ ಮುದುಡಿ ಕುಳಿತು ಹಲ್ಲನ್ನು ಗಟ್ಟಿಯಾಗಿ ಕಡಿಯುತ್ತಿದ್ದರೆ ಅದು ನೋವಿನ ಲಕ್ಷಣ. ಮನೆಮದ್ದು ಹುಡುಕದೆ ಆ ಕ್ಷಣವೇ ಪಶುವೈದ್ಯರ ಬಳಿಗೆ ಒಯ್ಯಿರಿ. ಬೀದರ್ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜು ಹತ್ತಿರವಿರುವುದು ಒಂದು ಅನುಕೂಲ.

ಉದುರುವುದು ಮುಗಿಯಿತೇ ಎಂದು ನೋಡಲು ನಾನು ಅದರ ಸೊಂಟದ ಮೇಲೆ ಮೆಲ್ಲಗೆ ಊದುತ್ತೇನೆ. ಹೊಸ ಕೂದಲು ತಲೆಯಿಂದ ಹಿಂದಕ್ಕೆ ಸರಿಯುತ್ತಾ ಬರುವುದರಿಂದ ಸೊಂಟವೇ ಕೊನೆಯದು; ಊದಿದಾಗ ಎಳೆಗಳು ಹಾರದೆ ಕೂದಲು ಹೂವಿನಂತೆ ಬಿರಿದು ಮತ್ತೆ ಮುಚ್ಚಿಕೊಂಡರೆ, ಅಂದಿನಿಂದ ಬ್ರಷ್ ವಾರಕ್ಕೊಮ್ಮೆ ಸಾಕು.