ದಾಖಲೆ ಸುಟ್ಟ ಕೋರ್ಟಿನ ಚರಿತ್ರೆ ಹುಡುಕಿದ ಬಗೆ

ಅಮೆರಿಕದ ವರ್ಜೀನಿಯಾ ರಾಜ್ಯದ ಅಪೊಮ್ಯಾಟಕ್ಸ್ ಹಳ್ಳಿಗಾಡಿನ ಕೌಂಟಿ, ಅಂದರೆ ನಮ್ಮ ಜಿಲ್ಲೆಯ ಹಾಗೆ. ನಾಲ್ಕು ಕೌಂಟಿಗಳ ಜಾಗ ಸೇರಿಸಿ 1845ರಲ್ಲಿ ಅದನ್ನು ಮಾಡಿದರು. ಮರುವರ್ಷ ಇಟ್ಟಿಗೆಯ ಕೋರ್ಟ್ ಎದ್ದಿತು. 1892ರಲ್ಲಿ ಬೆಂಕಿ ಬಿದ್ದು ಕಟ್ಟಡವೂ ಹೋಯಿತು, ಕ್ರಯಪತ್ರ, ಉಯಿಲುಗಳೂ ಹೋದವು. ರೈಲು ನಿಲ್ದಾಣ ಸುಮಾರು ಮೂರು ಮೈಲಿ ದೂರ. ಕೋರ್ಟೂ ಅಲ್ಲಿಗೇ ಹೋಯಿತು. ಈಗ ಹಳೇ ಊರಿನಲ್ಲಿ ಕಾಣುವುದು 1960ರ ದಶಕದಲ್ಲಿ ಮತ್ತೆ ಕಟ್ಟಿದ್ದು.

ಅಮೆರಿಕದ ಅಂತರ್ಯುದ್ಧದ ಕೊನೆಗೆ ದಕ್ಷಿಣದವರ ಸೇನಾಪತಿ ಜನರಲ್ ಲೀ ಶರಣಾದದ್ದು ಈ ಕೋರ್ಟಿನೊಳಗೆ ಅಂತ ತುಂಬಾ ಜನ ತಿಳಿದಿದ್ದಾರೆ. ಊರಿನ ಹೆಸರೇ ಅಪೊಮ್ಯಾಟಕ್ಸ್ ಕೋರ್ಟ್ ಹೌಸ್ ಅಲ್ವಾ! 1865ರ ಏಪ್ರಿಲ್ 9 ಭಾನುವಾರ, ಕೋರ್ಟಿಗೆ ಬೀಗ. ಮಾತುಕತೆ ನಡೆದದ್ದು ವಿಲ್ಮರ್ ಮೆಕ್ಲೀನ್ ಮನೆಯಲ್ಲಿ. ಆ ದಿನದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಬೇಕಿದ್ದದ್ದು ಈ ಕೋರ್ಟಿನ ಉಳಿದ ದಿನಗಳ ಚರಿತ್ರೆ.

ಕೈಹಿಡಿದದ್ದು ಭೂಕಂದಾಯದ ಪುಸ್ತಕ. ಅದರ ಒಂದು ಪ್ರತಿ ರಾಜಧಾನಿ ರಿಚ್ಮಂಡ್‌ಗೆ ಹೋಗುತ್ತಿತ್ತು, ಹಾಗಾಗಿ ಉಳಿದಿದೆ. ನಮ್ಮ ಪಹಣಿ ಓದಿ ಗೊತ್ತಿದ್ದವರಿಗೆ ಇದೇನೂ ಕಷ್ಟವಲ್ಲ. ಮಾಲೀಕನ ಹೆಸರು, ಎಕರೆ, ಕಟ್ಟಡದ ಬೆಲೆ. ಅದರ ಜೊತೆಗೇ ಇನ್ನೊಂದು ಕಾಲಂ: ಆ ಜಮೀನು ಕೋರ್ಟಿನಿಂದ ಎಷ್ಟು ಮೈಲಿ, ಯಾವ ದಿಕ್ಕಿಗೆ. ಅದನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ದೊಡ್ಡ ಹಾಳೆಯ ನಡುವೆ ಕೋರ್ಟ್ ಬರೆದುಕೊಂಡೆ. ಒಂದೊಂದು ಸಾಲು ಓದಿ ಸುತ್ತ ಜಮೀನುಗಳ ಗುರುತು ಹಾಕುತ್ತಾ ಹೋದೆ. ಯಾರು ಕೋರ್ಟಿಗೆ ಹತ್ತಿರ, ಯಾರು ಎಷ್ಟು ದೂರದಿಂದ ಬರಬೇಕಿತ್ತು ಅನ್ನೋದು ಕಣ್ಣಿಗೆ ಕಟ್ಟಿತು.

ಆಮೇಲೆ ಚರಾಸ್ತಿ ತೆರಿಗೆಯ ಪುಸ್ತಕ ತೆಗೆದೆ. ಕುದುರೆ, ದನಗಳ ಲೆಕ್ಕದ ಜೊತೆಯಲ್ಲೇ ಗುಲಾಮರ ಲೆಕ್ಕ. ಬರೀ ಸಂಖ್ಯೆ, ಹೆಸರಿಲ್ಲ. ಯುದ್ಧಕ್ಕೆ ಮುಂಚೆ ಈ ಕೌಂಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗುಲಾಮರು. ಅವರ ಹೆಸರು ಸಿಗಬಹುದಾಗಿದ್ದದ್ದು ಮಾಲೀಕರ ಉಯಿಲುಗಳಲ್ಲಿ, ಸತ್ತವರ ಆಸ್ತಿ ಪಟ್ಟಿಗಳಲ್ಲಿ. ಬೆಂಕಿಗೆ ಹೋದದ್ದು ಅವೇ. ಕಟ್ಟಡವನ್ನು ಮತ್ತೆ ಕಟ್ಟಬಹುದು, ಆ ಹೆಸರುಗಳನ್ನು ಎಲ್ಲಿಂದ ತರೋದು?

ಹಾಗಾಗಿ ನಾನು 1870ರ ಜನಗಣತಿ ಹಿಡಿದು ಹಿಂದಕ್ಕೆ ಹೊರಟೆ. ಗುಲಾಮರಾಗಿದ್ದವರನ್ನೆಲ್ಲ ಹೆಸರು ಹಿಡಿದು ಬರೆದ ಮೊದಲ ಗಣತಿ ಅದು. ಒಂದು ಕುಟುಂಬ ಸಿಕ್ಕರೆ ಅಕ್ಕಪಕ್ಕದ ಜಮೀನ್ದಾರರ ಹೆಸರು ಬರೆದುಕೊಳ್ಳುತ್ತೇನೆ, ಅವರಲ್ಲೊಬ್ಬರು ಹಳೇ ಮಾಲೀಕರಿರಬಹುದು ಅಂತ. ಅವರನ್ನು ಕಂದಾಯದ ಪುಸ್ತಕದಲ್ಲಿ ಹುಡುಕುತ್ತೇನೆ. ಅವರ ಅಪ್ಪ, ತಾತ ಮೊದಲಿನ ಆ ನಾಲ್ಕು ಕೌಂಟಿಗಳಲ್ಲಿ ಯಾವುದರವರು ಅಂತ ನೋಡುತ್ತೇನೆ. ಬಕಿಂಗ್‌ಹ್ಯಾಮ್ ಆದರೆ ಕಷ್ಟ, ಅಲ್ಲಿನ ಕೋರ್ಟೂ 1869ರಲ್ಲಿ ಸುಟ್ಟಿತ್ತು. ಪ್ರಿನ್ಸ್ ಎಡ್ವರ್ಡ್, ಷಾರ್ಲಟ್, ಕ್ಯಾಂಪ್‌ಬೆಲ್ ಆದರೆ ಉಯಿಲಿನ ಪುಸ್ತಕಗಳು ಇವೆ. ಈಗ ಕೂತಿರುವುದು ಅವುಗಳ ಮುಂದೆಯೇ.