ಅವರೆಕಾಯಿ ಬಿಡಿಸುವಾಗ ಬಾಯಿಬಿಟ್ಟ ತಾಯಂದಿರು

18 ವರ್ಷದಿಂದ ಮೈಸೂರು ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ನಡೆಸುತ್ತಿದ್ದೇನೆ. ತಾಯಂದಿರ ಸಭೆಯಲ್ಲಿ 'ಮಗು ಬಗ್ಗೆ ಏನಾದ್ರೂ ಚಿಂತೆ ಇದೆಯಾ' ಅಂತ ಕೇಳಿದಾಗೆಲ್ಲ ಸಿಕ್ಕಿದ್ದು ಒಂದೇ ಉತ್ತರ: 'ಏನಿಲ್ಲ ಮಿಸ್, ಸರಿಯಾಗಿ ಉಣ್ಣಲ್ಲ ಅಷ್ಟೆ.'

ಮೊದಲು ಪ್ರಶ್ನೆಪಟ್ಟಿ ಮಾಡಿದೆ. ತಾಯಿ-ಮಗುವಿನ ಆರೋಗ್ಯ ಬರೆದಿಡುವ 'ತಾಯಿ ಕಾರ್ಡ್' ನೋಡಿಕೊಂಡು ನಾನೇ 12 ಪ್ರಶ್ನೆ ಬರೆದು, ಕೈಯಿಂದ 80 ರೂಪಾಯಿ ಹಾಕಿ 40 ಜೆರಾಕ್ಸ್ ತೆಗೆಸಿದೆ. ಮೂವತ್ತರಷ್ಟು ವಾಪಸ್ ಬಂದವು. ಎಲ್ಲದರಲ್ಲೂ 'ಇಲ್ಲ', ಅದೂ ಅರ್ಧಕ್ಕರ್ಧ ಒಂದೇ ಕೈಬರಹ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಇಡೀ ಬೀದಿಗೆ ತುಂಬಿಕೊಟ್ಟಿದ್ದಳು! ಆಮೇಲೆ ವಾಟ್ಸಾಪ್. ಫೋನು ಇರುವುದು ಗಂಡಂದಿರ ಜೇಬಲ್ಲಿ. ಬಂದಿದ್ದು ಗುಡ್ ಮಾರ್ನಿಂಗ್ ಗುಲಾಬಿ ಮಾತ್ರ.

ಒಂದು ಜನವರಿಯಲ್ಲಿ ಮನೆಗೆಂದು ತಂದಿದ್ದ 2 ಕೆಜಿ ಅವರೆಕಾಯಿಯನ್ನು ಜಗಲಿ ಮೇಲೆ ಸುರಿದುಕೊಂಡು ಕೂತೆ. ಮಕ್ಕಳನ್ನು ಕರೆದೊಯ್ಯಲು ಬಂದವರು ಸುಮ್ನೆ ಕೂತು ಬಿಡಿಸತೊಡಗಿದರು. ಕಣ್ಣು ಕಾಯಿ ಮೇಲೆ, ಬಾಯಿ ತನ್ನ ಪಾಡಿಗೆ. ಒಬ್ಬಳು ಮಗಳು ತುದಿಗಾಲಲ್ಲೇ ನಡೀತಾಳೆ ಅಂದಳು. ಇನ್ನೊಬ್ಬಳ ಮಗ ಗೋಡೆ ಮಣ್ಣು ಕೆರೆದು ತಿನ್ನುತ್ತಾನಂತೆ. ನಾನು ಪೆನ್ನು ಮುಟ್ಟಲಿಲ್ಲ. 'ನಿನಗೇನು ಚಿಂತೆ' ಅಂತಲೂ ಕೇಳಲಿಲ್ಲ. ಕೇಳಿದ್ದು ಒಂದೇ: 'ಮನೇಲಿ ಏನಂತಾರೆ?'

ಮೂರು ತುಂಬಿದರೂ 'ಅವ್ವ' ಬಿಟ್ಟು ಬೇರೆ ಮಾತಿಲ್ಲದ ಹುಡುಗನ ತಾಯಿ ಬಾಯಿಬಿಟ್ಟಿದ್ದು ಹಾಗೇ. 'ಅವರಪ್ಪನೂ ತಡವಾಗೇ ಮಾತಾಡಿದ್ದು ಅಂತ ನಮ್ಮತ್ತೆ ನಾಲಿಗೆಗೆ ಬಜೆ ತೇಯ್ದು ಹಚ್ತಾರೆ ಮಿಸ್. ನಂಗೆ ಅದಲ್ಲ ಅನ್ನಿಸ್ತದೆ. ಟಿವಿಗೆ ಕಿವಿ ಅಂಟಿಸ್ಕೊಂಡು ಕೂರ್ತಾನೆ.' ಮಾರನೇ ದಿನ ಅವನ ಬೆನ್ನ ಹಿಂದೆ ನಮ್ಮ ಸಹಾಯಕಿ ಸ್ಟೀಲ್ ತಟ್ಟೆ ಬೀಳಿಸಿದಳು. ಎಲ್ಲ ಮಕ್ಕಳೂ ತಿರುಗಿದರು, ಅವನು ಹಾಲು ಕುಡೀತಾನೇ ಇದ್ದ.

ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಶಕ್ತಿ ಯೋಜನೆ ಬಂದಮೇಲೆ ಹೆಂಗಸರು ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಆದರೆ ಪ್ರತಿ ಸಲ ಅವಳ ಒಂದು ದಿನದ ಕೂಲಿ, ಸುಮಾರು 350, ಹೋಗುತ್ತಿತ್ತು. ಕಿವಿಯೊಳಗೆ ನೀರು ಕಟ್ಟಿಕೊಂಡಿತ್ತಂತೆ. ನಾಲ್ಕೈದು ಸಲ ಓಡಾಡಿದೆವು. ಈಗ ಅವನ ಬಾಯಿ ಮುಚ್ಚಿಸೋದೇ ನನ್ನ ಕೆಲಸ.

'ಇದು ಅಂಗನವಾಡಿಯೋ ಅಡುಗೆಮನೆಯೋ' ಅಂದಿದ್ದ ಮೇಲಿನವರೊಬ್ಬರು ಈಗ ಬೇರೆ ಊರಿನ ಕಾರ್ಯಕರ್ತೆಯರನ್ನು ನನ್ನ ಜಗಲಿಗೇ ಕಳಿಸುತ್ತಾರೆ.

ನಡುವೆ ತೋಳಿನ ಪಟ್ಟಿಯನ್ನು ತಾಯಂದಿರ ಕೈಗೇ ಕೊಟ್ಟು ನೋಡಿದೆ. ಮಗುವಿನ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಅದು; ಹನ್ನೆರಡೂವರೆ ಸೆಂ.ಮೀ.ಗಿಂತ ಕಡಿಮೆ ಬಂದರೆ ಹಳದಿ, ಅಂದರೆ ಮಗು ಸೊರಗಿದೆ ಅಂತ. ಒಬ್ಬಳು ಬಿಗಿಯಾಗಿ ಎಳೆದು 12ಕ್ಕೆ ತಂದು, ಹಳದಿ ಬಂತು ಅಂತ ರಾತ್ರಿಯೆಲ್ಲ ಅತ್ತಳು. ಬೆಳಿಗ್ಗೆ ನಾನು ಅಳೆದರೆ 13ರ ಹತ್ತಿರ. ಪಟ್ಟಿ ವಾಪಸ್ ಇಸಕೊಂಡೆ.

ಅತ್ತೆ ಜೊತೆಗೇ ಬಂದು ಕೂತರೆ ಏನು ಮಾಡೋದು ಅಂತ ಜಾಸ್ತಿ ಜನ ಕೇಳುತ್ತಾರೆ. ಅದಕ್ಕೊಂದು ಉಪಾಯ ಇದೆ, ಇಲ್ಲಿ ಬರೆಯಲ್ಲ. ನಮ್ಮೂರ ಅತ್ತೆಯರೂ ಓದು ಬಲ್ಲವರು.

ಅವರೆ ಮುಗಿದ ಮೇಲೆ ಹುಣಸೆಹಣ್ಣು ತಂದೆ. ಬೀಜ ಕುಟ್ಟುವ ಸದ್ದಿಗೆ ಒಂದು ಮಾತೂ ಕೇಳಿಸಲಿಲ್ಲ. ಬೆಳ್ಳುಳ್ಳಿ ಚೆನ್ನಾಗಿತ್ತು, ರೇಟು ಕೇಳಿ ಬಿಟ್ಟೆ. ಸದ್ಯಕ್ಕೆ ನುಗ್ಗೆಸೊಪ್ಪು. ಪುಕ್ಕಟೆ ಸಿಗುತ್ತೆ, ಬಿಡಿಸಿದಷ್ಟೂ ಮುಗಿಯಲ್ಲ.