ಸಹಾಯಾರ್ಥ ಬೆಲ್ಲದ ರುಚಿ ಪರೀಕ್ಷೆ: ಮಂಡ್ಯದಲ್ಲಿ ನಡೆಸುವ ಬಗೆ

ಮಂಡ್ಯದಲ್ಲಿ ಬೆಲ್ಲ ಕೊಳ್ಳುವವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ತಟ್ಟೆಯಲ್ಲಿ ಆರು ತುಂಡು ಜೋಡಿಸಿಟ್ಟು ‘ಯಾವುದು ಚೆನ್ನಾಗಿದೆ?’ ಎಂದು ಕೇಳಿದರೆ, ಹಳಬರು ಹೊಂಬಣ್ಣದ್ದನ್ನು ಎತ್ತಿಕೊಳ್ಳುತ್ತಾರೆ, ಸಾವಯವದ ಬಗ್ಗೆ ಓದಿಕೊಂಡವರು ಕಪ್ಪಗಿರುವುದಕ್ಕೆ ಕೈ ಹಾಕುತ್ತಾರೆ. ಬಾಯಿಗೆ ಹಾಕುವ ಮೊದಲೇ ತೀರ್ಪು ಮುಗಿದಿರುತ್ತದೆ. ಹಾಸ್ಟೆಲ್ಲಿಗೋ ವೃದ್ಧಾಶ್ರಮಕ್ಕೋ ಹಣ ಕೂಡಿಸಲು ನೈಸರ್ಗಿಕ ಬೆಲ್ಲದ ರುಚಿ ನೋಡುವ ಕಾರ್ಯಕ್ರಮ ಇಟ್ಟುಕೊಳ್ಳುವವರು ಮೊದಲು ಈ ಬಣ್ಣವನ್ನು ಮರೆಮಾಡುವ ದಾರಿ ಹುಡುಕಬೇಕು. ಕೆಳಗಿನ ಲೆಕ್ಕವೆಲ್ಲ 30 ಜನರಿಗೆ.

ಕಾಲ ಮತ್ತು ಖರೀದಿ

ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಹೀರಿ ಜಿನುಗುತ್ತದೆ, ಒಳ್ಳೆಯದೂ ಕೆಟ್ಟದ್ದೂ ಒಂದೇ ಥರ ಜಿಗುಟಾಗುತ್ತದೆ. ಸಂಕ್ರಾಂತಿ ಆಸುಪಾಸಾದರೆ ಎಳ್ಳುಬೆಲ್ಲಕ್ಕೆಂದು ಮಾರಾಟವೂ ಸಲೀಸು.

ಆರು ಮಾದರಿಗಿಂತ ಹೆಚ್ಚು ಬೇಡ. ಏಳನೆಯದಕ್ಕೆ ಬರುವಷ್ಟರಲ್ಲಿ ನಾಲಿಗೆಗೆ ಸಿಹಿಯೊಂದೇ ಗೊತ್ತಾಗುತ್ತದೆ. ಮಾದರಿ ತರುವಾಗ ಆಲೆಮನೆಯವರನ್ನು ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಕಬ್ಬಿನ ತಳಿ ಯಾವುದು (ಕೋ 62175, ಕೋ 86032, ಅಥವಾ ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲೇ ರೂಪಿಸಿದ ವಿಸಿಎಫ್ 0517), ಕಡಿದ ಮೇಲೆ ಎಷ್ಟು ಹೊತ್ತಿಗೆ ಗಾಣಕ್ಕೆ ಕೊಟ್ಟರು, ಕಬ್ಬಿನ ಹಾಲು ಕಾಯುವಾಗ ಮೇಲೇಳುವ ಕೊಳೆಯನ್ನು, ಅಂದರೆ ಮಡ್ಡಿಯನ್ನು, ತೆಗೆಯಲು ಏನು ಹಾಕಿದರು, ಪಾಕ ಇಳಿಸಿದ ದಿನ ಯಾವುದು. ಪಾಕದ ದಿನಾಂಕ ಒಂದೆರಡು ವಾರದೊಳಗೆ ಹೊಂದಿಕೊಂಡಿರಲಿ. ಹಳೆಯ ಬೆಲ್ಲ ತಾನಾಗಿಯೇ ಕಪ್ಪಾಗಿ ಹುಳಿಯ ಕಡೆಗೆ ವಾಲುತ್ತದೆ. ಅದನ್ನು ಹೊಸದರ ಪಕ್ಕದಲ್ಲಿಟ್ಟರೆ ನೀವು ಹೋಲಿಸುತ್ತಿರುವುದು ವಯಸ್ಸನ್ನು.

ಆಕಾರವೂ ಒಂದೇ ಇದ್ದರೆ ಒಳ್ಳೆಯದು. ಅಚ್ಚು ಬೆಲ್ಲವಾದರೆ ಎಲ್ಲವೂ ಅಚ್ಚು, ಬಕೆಟ್ ಬೆಲ್ಲವಾದರೆ ಎಲ್ಲವೂ ಬಕೆಟ್. ದೊಡ್ಡ ಗಟ್ಟಿಯ ನಡುಭಾಗ ನಿಧಾನಕ್ಕೆ ಆರುವುದರಿಂದ ಅಲ್ಲಿನ ಬಣ್ಣ, ಹರಳು ಹೊರಮೈಗಿಂತ ಬೇರೆಯಾಗಿರುತ್ತದೆ. ಪ್ರತಿಯೊಂದರಲ್ಲೂ 1 ಕಿಲೋ ತಂದು ಒಡೆದು, ಒಳಗಿನದ್ದನ್ನೂ ಹೊರಗಿನದ್ದನ್ನೂ ಬೆರೆಸಿ, ಕಡಲೆಬೀಜದ ಗಾತ್ರಕ್ಕೆ ಪುಡಿ ಮಾಡಿ ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಪುಣ್ಯದ ಕೆಲಸ ಎಂದು ಬಿಟ್ಟಿ ಕೇಳಬೇಡಿ. ಮಾರುಕಟ್ಟೆ ದರ ಕೊಟ್ಟು ತನ್ನಿ. ದಾನ ಕೊಟ್ಟವರ ಬೆಲ್ಲವನ್ನು ಕೊನೆಯ ಸ್ಥಾನಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಜಾಗ

ಬೆಳಗ್ಗೆ ಹನ್ನೊಂದರ ಹೊತ್ತು ಸರಿ. ತಿಂಡಿ, ಕಾಫಿ, ಎಲೆ ಅಡಿಕೆ ಮುಗಿದು ಒಂದು ಗಂಟೆಯಾದರೂ ಆಗಿರಬೇಕೆಂದು ಮೊದಲೇ ತಿಳಿಸಿ. ನಮ್ಮ ಕಡೆ ಸಭೆ ಎಂದರೆ ದೀಪ, ಊದುಬತ್ತಿ, ಮಲ್ಲಿಗೆ ಹಾರ ಇದ್ದೇ ಇರುತ್ತದೆ. ಉದ್ಘಾಟನೆಯನ್ನು ಜಗಲಿಯಲ್ಲೇ ಮುಗಿಸಿ, ಅದ್ಯಾವುದನ್ನೂ ರುಚಿ ನೋಡುವ ಕೋಣೆಗೆ ತರಬೇಡಿ. ಊದುಬತ್ತಿಯ ಎದುರಿಗೆ ಕಬ್ಬಿನ ಹಾಲಿನ ಕಂಪು ನಿಲ್ಲುವುದಿಲ್ಲ. ಪೇಪರ್ ಕಪ್ಪಿಗೂ ತನ್ನದೇ ವಾಸನೆ ಉಂಟು, ಚಿಕ್ಕ ಸ್ಟೀಲ್ ಲೋಟವೇ ಆಗಬೇಕು. ಇರುವೆ ಬಾರದ ಹಾಗೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ.

ಬಾಯಿ ತೊಳೆಯಲು ಉಗುರುಬೆಚ್ಚಗಿನ ನೀರು, ಜೊತೆಗೆ ಉಪ್ಪಿಲ್ಲದ ಪುರಿ. ತಣ್ಣೀರು ಕೊಟ್ಟರೆ ನಾಲಿಗೆ ಮರಗಟ್ಟಿ ಸಿಹಿಯೂ ಮಂಕಾಗುತ್ತದೆ.

ಮೊದಲ ಸುತ್ತು: ಮೂರು ಲೋಟ

ಬಣ್ಣ ಮರೆಸುವ ಸುತ್ತು ಇದು. ಎರಡು ಮಾದರಿ ಆರಿಸಿಕೊಳ್ಳಿ: ಬಣ್ಣ ತಿಳಿಯಾಗಿಸುವ ರಾಸಾಯನಿಕವಾದ ಹೈಡ್ರೋಸ್ ಹಾಕಿಲ್ಲ ಎಂದು ಹೇಳುವ ಒಂದು, ಪೇಟೆಯ ಮಾಮೂಲಿ ಒಂದು. ತಲಾ 100 ಗ್ರಾಂ ಬೆಲ್ಲವನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಮತ್ತೆ ನೀರು ಸೇರಿಸಿ ಸರಿಯಾಗಿ 1 ಲೀಟರ್ ಮಾಡಿ. ಎರಡರ ಬಿಸಿಯೂ ಒಂದೇ ಇರಲಿ. ಬಟ್ಟೆಯಲ್ಲಿ ಉಳಿದ ಗಸಿಯನ್ನು ಎಸೆಯಬೇಡಿ, ಆಮೇಲೆ ತೋರಿಸಬಹುದು.

ಒಬ್ಬೊಬ್ಬರಿಗೂ ಮೂರು ಲೋಟ, ಪ್ರತಿ ಲೋಟಕ್ಕೆ 20 ಮಿಲಿ. ಎರಡರಲ್ಲಿ ಒಂದೇ ಬೆಲ್ಲದ ನೀರು, ಮೂರನೆಯದರಲ್ಲಿ ಬೇರೆಯದು. ಬೇರೆಯದು ಯಾವುದೆಂದು ಹೇಳುವುದಷ್ಟೇ ಅವರ ಕೆಲಸ. ಎರಡು ಬೆಲ್ಲಕ್ಕೆ ಅ, ಬ ಎಂದಿಟ್ಟುಕೊಂಡರೆ ಅಅಬ, ಅಬಅ, ಬಅಅ, ಬಬಅ, ಬಅಬ, ಅಬಬ ಎಂದು ಆರು ಜೋಡಣೆ ಬರುತ್ತವೆ. ಒಂದೊಂದನ್ನು ಐದೈದು ಜನರಿಗೆ ಕೊಟ್ಟರೆ 30 ಜನಕ್ಕೆ ಸರಿಹೋಗುತ್ತದೆ, ಒಂದೊಂದು ಬೆಲ್ಲಕ್ಕೆ 45 ಲೋಟದಂತೆ 900 ಮಿಲಿ ಖರ್ಚಾಗುತ್ತದೆ. ಅ, ಬ ನಿಮ್ಮ ಪುಸ್ತಕದಲ್ಲಿ ಮಾತ್ರ ಇರಲಿ. ಲೋಟದ ಮೇಲೆ 417, 862, 295 ಎಂಬಂಥ ಮೂರಂಕಿ ಹಾಕಿ. 1, 2 ಎಂದು ಬರೆದರೆ ಒಂದನೆಯದೇ ಮೇಲು ಎಂಬ ಭಾವನೆ ತಾನಾಗಿ ಬಂದುಬಿಡುತ್ತದೆ.

ಸ್ಟೀಲ್ ಲೋಟದಲ್ಲಿ ಬಣ್ಣ ಅರ್ಧ ಮರೆಯಾಗುತ್ತದೆ. ಕಿಟಕಿ ಮುಚ್ಚಿ ಕೆಂಪು ಬಲ್ಬು ಹಾಕಿದರೆ ಉಳಿದದ್ದೂ ಹೋಗುತ್ತದೆ. ಸುಮ್ಮನೆ ಊಹಿಸಿದರೂ 30ರಲ್ಲಿ ಹತ್ತು ಜನ ಸರಿ ಹೇಳಿಯಾರು. ಹದಿನೈದು ಅಥವಾ ಅದಕ್ಕಿಂತ ಹೆಚ್ಚು ಜನ ಸರಿ ಹೇಳಿದರೆ ರುಚಿಯಲ್ಲಿ ನಿಜಕ್ಕೂ ವ್ಯತ್ಯಾಸ ಇದೆ ಎನ್ನಬಹುದು. ಹನ್ನೆರಡು ಬಂದರೆ ಮೈಕಿನಲ್ಲಿ ಏನನ್ನೂ ಘೋಷಿಸಲು ಹೋಗಬೇಡಿ.

ಎರಡನೆಯ ಸುತ್ತು: ಬಾಯಲ್ಲಿ ಕರಗಿಸುವುದು

ಈಗ ದೀಪ ಹಾಕಬಹುದು. ಆರು ಮಾದರಿಯಲ್ಲೂ ತಲಾ 5 ಗ್ರಾಂ, ತಿಳಿ ಬಣ್ಣದ್ದರಿಂದ ಗಾಢ ಬಣ್ಣದ್ದರ ಕಡೆಗೆ. ಒಟ್ಟು 30 ಗ್ರಾಂ ಹೊಟ್ಟೆಗೆ ಹೋಗುವುದರಿಂದ ಸಕ್ಕರೆ ಕಾಯಿಲೆ ಇರುವವರಿಗೆ ಮೊದಲೇ ಎಚ್ಚರಿಕೆ ಕೊಡಿ. ಬೆಲ್ಲ ‘ನೈಸರ್ಗಿಕ’ ಎಂಬ ಕಾರಣಕ್ಕೆ ರಕ್ತದ ಸಕ್ಕರೆ ಏರದೆ ಇರುವುದಿಲ್ಲ.

ಕಚ್ಚಿ ನುಂಗಬಾರದು. ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಮೂಸಿ, ನಾಲಿಗೆಯ ಮೇಲಿಟ್ಟು ತಾನಾಗಿ ಕರಗಲು ಬಿಡಬೇಕು. ನುಂಗಿದ ಮೇಲೆ ಇಪ್ಪತ್ತು ಸೆಕೆಂಡು ಸುಮ್ಮನಿರಬೇಕು, ಏಕೆಂದರೆ ದೋಷಗಳು ಹೆಚ್ಚಾಗಿ ತಲೆ ಎತ್ತುವುದು ಸಿಹಿ ಇಳಿದ ಮೇಲೆ. ಹಾಳೆಯಲ್ಲಿ ಅಂಕಕ್ಕಿಂತ ಮಾತಿಗೆ ಜಾಗ ಬಿಡಿ: ಕಂಪು, ಮೊದಲ ರುಚಿ, ಕರಗುವ ಬಗೆ, ಕೊನೆಗೆ ಉಳಿದದ್ದು.

ಬರುವ ಮಾತುಗಳನ್ನು ಆಲೆಮನೆಗೆ ಹೊಂದಿಸಿ ನೋಡಿದಾಗ ಕಾರಣ ಸಿಗುತ್ತದೆ. ಕಮರು ವಾಸನೆ ಬಂದರೆ ಕೊಪ್ಪರಿಗೆಯ ತಳ ಹಿಡಿದಿದೆ. ಪಾಕ ಇಳಿಯುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದನ್ನು ದಾಟಿ ಉರಿ ಹಾಕಿದರೆ ಹೀಗಾಗುತ್ತದೆ. ಮೊದಲೇ ಇಳಿಸಿದರೆ ಬೆಲ್ಲ ಮೆತ್ತಗುಳಿದು ಅಂಟುತ್ತದೆ. ಉಪ್ಪುಪ್ಪಾಗಿದ್ದರೆ ಚೌಳು ನೆಲದ ಕಬ್ಬೋ, ಉಪ್ಪು ನೀರಿನ ಬೋರೋ ಇರಬೇಕು, ಅದನ್ನು ಆಲೆಮನೆಯಲ್ಲಿ ಸರಿಪಡಿಸಲಾಗುವುದಿಲ್ಲ. ಕಡಿದ ಕಬ್ಬು ಒಂದು ದಿನಕ್ಕಿಂತ ಹೆಚ್ಚು ಬಿಸಿಲಲ್ಲಿ ಬಿದ್ದಿದ್ದರೆ ಸಕ್ಕರೆ ಒಡೆದು ಹುಳಿ ಛಾಯೆ ಬರುತ್ತದೆ, ಬೆಲ್ಲ ಗಟ್ಟಿಯಾಗಲು ಹಟ ಮಾಡುತ್ತದೆ. ಮಡ್ಡಿ ತೆಗೆಯಲು ಹಾಕುವ ಸುಣ್ಣ ಹೆಚ್ಚಾದರೆ ಬಣ್ಣ ಕಪ್ಪಾಗಿ ಸೋಪಿನಂಥ ಒಗರು. ಕಪ್ಪಗಿದ್ದದ್ದೆಲ್ಲ ಶುದ್ಧ ಎನ್ನುವವರಿಗೆ ಇದನ್ನು ತಿನ್ನಿಸಿದರೆ ಸಾಕು. ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿಯನ್ನು ಚೆನ್ನಾಗಿ ತೆಗೆದಿದ್ದರೆ ನೀರಿನಲ್ಲಿ ಗಸಿ ಕಡಿಮೆ, ಬಣ್ಣ ನಸುಗಂದು, ಕೊನೆಯಲ್ಲಿ ಕಬ್ಬಿನ ಹಾಲಿನ ನೆನಪು.

ಬರೀ ಸಿಹಿ, ಹಿಂದೆ ಏನೂ ಇಲ್ಲ, ಒಡೆದಾಗ ಹರಳು ಮಿನುಗುತ್ತದೆ ಎಂದರೆ ಸಕ್ಕರೆ ಬೆರೆಸಿರುವ ಅನುಮಾನ ಪಡಬಹುದು. ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಅದು ಬಣ್ಣವನ್ನು ಹೊಡೆದು ಹಾಕುತ್ತದೆ, ಆದರೆ ಶಾಶ್ವತವಾಗಿ ಅಲ್ಲ. ದಿನ ಕಳೆದಂತೆ ಗಾಳಿಗೆ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಹೆಚ್ಚು ಹಾಕಿದ್ದರೆ ಗಂಧಕದ ಘಾಟು, ಲೋಹದಂಥ ಕೊನೆರುಚಿ. ಸ್ವಲ್ಪ ಹಾಕಿದ್ದರೆ ನಾಲಿಗೆಗೆ ಸಿಗುವುದಿಲ್ಲ. ಹೈಡ್ರೋಸ್‌ನಿಂದ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಮೀರಿದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಪ್ರಯೋಗಾಲಯ. ರುಚಿ ನೋಡಿ ‘ಇದರಲ್ಲಿ ಕೆಮಿಕಲ್ ಇದೆ’ ಎಂದು ವೇದಿಕೆಯಿಂದ ಹೇಳಿದರೆ ಒಬ್ಬರ ಹೊಟ್ಟೆಯ ಮೇಲೆ ಹೊಡೆದಂತೆ.

ಹಾಳೆ ಸೇರಿದ ಮೇಲೆ

ಎಲ್ಲರ ಹಾಳೆ ಕೈಗೆ ಬಂದ ನಂತರವೇ ಹೆಸರು ಬಿಚ್ಚಿ. ಮೇಲಿನ ಎರಡು ಸ್ಥಾನ ಹೇಳಿದರೆ ಸಾಕು. ಉಳಿದವರಿಗೆ ಜನ ಬರೆದ ಮಾತುಗಳನ್ನು ಪ್ರತ್ಯೇಕವಾಗಿ ತಲುಪಿಸಿ, ಆಲೆಮನೆಯವರಿಗೆ ಸ್ಥಾನಕ್ಕಿಂತ ಅವು ಹೆಚ್ಚು ಉಪಯೋಗ.

ಮೊದಲ ಸ್ಥಾನದ ಬೆಲ್ಲದಲ್ಲಿ ಕಾಯಿಹಾಲು ಮಾಡಿ ಒತ್ತು ಶಾವಿಗೆಯ ಜೊತೆ ಬಡಿಸಿ. ಊಟದ ಹೊತ್ತಿಗೆ ಮಾರಾಟದ ಮೇಜು ಸಿದ್ಧವಿರಲಿ, ಅರ್ಧ ಕಿಲೋ ಪೊಟ್ಟಣ, ಮೇಲೆ ಆಲೆಮನೆಯ ಊರು, ಪಾಕದ ದಿನಾಂಕ, ತೂಕ, ಬೆಲೆ. ಕೊಂಡ ದರ ಎಷ್ಟು, ಅದರ ಮೇಲೆ ಸೇವೆಗೆ ಎಷ್ಟು ಹೋಗುತ್ತದೆ ಎಂಬುದನ್ನು ಒಂದು ಹಲಗೆಯಲ್ಲಿ ಬರೆದು ನಿಲ್ಲಿಸಿ. ಮಾರಾಟದ ದುಡ್ಡಿಗೆ ಒಂದು ಡಬ್ಬಿ, ದಾನಕ್ಕೆ ಇನ್ನೊಂದು, ರಸೀದಿ ಪುಸ್ತಕವೂ ಬೇರೆ ಬೇರೆ. ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೇಳುವವರು 2,000 ರೂಪಾಯಿಗಿಂತ ಹೆಚ್ಚು ಕೊಡುವುದಾದರೆ ನಗದು ಬೇಡ, ಚೆಕ್ ಅಥವಾ ಯುಪಿಐ ಮೂಲಕ ಕೊಡಲಿ.